ಹುಣಸೆಹಣ್ಣು ಹಾಕಿ ಉಜ್ಜಿದ ಹೆಡ್‌ಲೈಟು

ಕಾರಿನ ಹೆಡ್‌ಲೈಟನ್ನು ಮನೆ ಜಗಲಿಯ ಮೇಲೆ ಬಿಚ್ಚಿ, ಮೊರದಲ್ಲಿ ಹರವಿಕೊಂಡು ರಿಪೇರಿ ಮಾಡುತ್ತಿದ್ದ ಕಾಲ ಅದು. ನನಗೆ ಒಂಬತ್ತೋ ಹತ್ತೋ ವರ್ಷ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದೆ, ಕೈಗೆ ಕೆಲಸ ಬೇಕಿತ್ತು.

ಕೊಣನೂರಿನ ಪಕ್ಕದ ನಮ್ಮೂರಿಗೆ ಇದ್ದದ್ದು ಒಂದೇ ಕಾರು, ಅದು ನಮ್ಮಪ್ಪನದು. ಹಾಸನದವರು ಯಾರೋ ಓಡಿಸಿ ಸಾಕಾಗಿ ಮಾರಿದ್ದು. ಮದುವೆಯ ಹೆಣ್ಣುಗಂಡು, ಹೆರಿಗೆ ನೋವು ಬಂದವರು, ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿಗಳು, ಎಲ್ಲರೂ ಬಾಡಿಗೆಗೆ ಕರೆಯುತ್ತಿದ್ದರು. ಅಪ್ಪನ ತಾಯಿ, ನಮ್ಮಜ್ಜಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಗಾಡಿಗಳನ್ನು ಪರೀಕ್ಷೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರು ಮಾರನೆಯ ದಿನ ಅರಕಲಗೂಡಿಗೆ ಬರುವವರಿದ್ದರು. ಹೋದ ಸಲ ದೀಪ ಮಂಕು ಎಂದು ವಾಪಸು ಕಳಿಸಿದ್ದರು. ಅಜ್ಜಿ ರಾಗಿ ಬೀಸುತ್ತಲೇ ಹೇಳಿಬಿಟ್ಟಳು:

"ಈ ಸಲನೂವೆ ಬ್ಯಾಡ ಅಂದ್ರೆ ಮಾರ್ಬುಡ್ಲಾ. ಒಂದ್ ಜೊತೆ ಎತ್ತಾದ್ರೂ ತರಾನ."

"ಪಾಸಾಯ್ತದೆ ಸುಮ್ಕಿರವ್ವಾ," ಅಂದ ಅಪ್ಪ. ನನ್ನ ಕಡೆ ತಿರುಗಿ, "ಪಾಸಾದ್ರೆ ನಿಂಗೆ ಅರಕಲಗೂಡ್ನಾಗೆ ಮಸಾಲೆದೋಸೆ ಕಣ್ ಮಗಾ," ಅಂದ.

ದೋಸೆಗಿಂತ ಅಪ್ಪನ ಪಕ್ಕ ಮುಂದಿನ ಸೀಟಿನಲ್ಲಿ ಕೂತು ಹೋಗುವುದೇ ನನಗೆ ದೊಡ್ಡದು. ಕಾರು ಹೋದರೆ ಎತ್ತಿನ ಸಗಣಿ ಬಾಚುವವಳು ನಾನೇ.

ಅಪ್ಪ ಎರಡೂ ದೀಪ ಬಿಚ್ಚಿದ. ಸುತ್ತಿನ ಬಳೆ, ಗಾಜು, ಬಲ್ಬು, ಬಲ್ಬು ಕೂರುವ ಲೋಹದ ಬಟ್ಟಲು. ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ತಂತಿ ತುಂಡಾಗಿದೆ ಎಂದು ಹೊಸದು ತರಲು ಕೊಣನೂರಿಗೆ ಸೈಕಲ್ ಹತ್ತಿದ. "ಗಾಜು ಒರ್ಸಿಕ್ಕಿರು," ಎಂದು ಹೇಳಿಹೋದ.

ಗಾಜು ಒರೆಸಿದೆ. ಬಟ್ಟಲು ನೋಡಿದರೆ ಮಬ್ಬಾಗಿತ್ತು. ನನಗೆ ಗೊತ್ತಿದ್ದ ಮಬ್ಬಿಗೆ ಒಂದೇ ಮದ್ದು. ಒಲೆ ಬೂದಿ, ಹುಣಸೆಹಣ್ಣು, ತೆಂಗಿನ ನಾರು ತಂದು ದೇವರ ದೀಪ ಉಜ್ಜಿದ ಹಾಗೆ ಉಜ್ಜಿದೆ. ಉಜ್ಜಿದಷ್ಟೂ ಹಳದಿ ಹೊಳಪು. ಚಿನ್ನವೇ ಸಿಕ್ಕಿತು ಅಂದುಕೊಂಡೆ. ಎರಡನೆಯದಕ್ಕೆ ಕೈ ಹಾಕುವ ಹೊತ್ತಿಗೆ ಅಪ್ಪ ಬಂದ.

ಬೈಯಲಿಲ್ಲ. ಸೈಕಲ್ ಬಿಟ್ಟುಬಿಟ್ಟ, ಅದು ಬಿತ್ತು. "ಅದ್ರ ಮ್ಯಾಲಿದ್ದಿದ್ದು ಬೆಳ್ಳಿ ನೀರು ಕಣವ್ವಾ. ಬಟ್ಟೇನೂ ಮುಟ್ಟುಸ್ಬಾರ್ದು. ಬೆಳ್ಳಗಿದ್ರೇನೇ ಬೆಳಕು ಮುಂದಕ್ಕೋಗಾದು."

ಅಜ್ಜಿ ಬೀಸುವುದು ನಿಲ್ಲಿಸಿ ನಕ್ಕಳು. "ಒಳ್ಳೇ ಹಿತ್ತಾಳೆ ಬಟ್ಲು ಮಾಡವ್ಳೆ ನಿನ್ ಮಗ್ಳು. ಅದ್ರಲ್ಲೇ ಉಣ್ಣು."

ಹಿತ್ತಾಳೆ ಅಂದದ್ದೇ ತಡ, ನನಗೆ ಹೊಳೆಯಿತು. ಹಿತ್ತಾಳೆ ಪಾತ್ರೆಯನ್ನು ಒಳಗೆ ಬೆಳ್ಳಗೆ ಮಾಡುವ ಕಲಾಯಿ ಸಾಬರು ಅವತ್ತು ಸ್ಕೂಲಿನ ಗೋಡೆ ಪಕ್ಕ ಒಲೆ ಹೂಡಿದ್ದರು. ಬಟ್ಟಲು ಎದೆಗವಚಿಕೊಂಡು ಓಡಿದೆ.

ಅಲ್ಲಿ ಹೆಂಗಸರ ಸಾಲು, ಚರಿಗೆ, ಕೊಳಗ, ಬೋಸಿ. ಕಲಾಯಿ ಹಿಡಿಯಲು ಹಾಕುವ ನವಸಾಗರದ ಪುಡಿಯ ಹೊಗೆ ಮೂಗಿಗೆ ಚುರ್ ಅನ್ನುತ್ತಿತ್ತು. ಸಾಬರು ಬಟ್ಟಲು ತಿರುಗಿಸಿ ನೋಡಿದರು.

"ಇದೇನಮ್ಮಾ, ತಳದಾಗೆ ತೂತು?"

"ಕಾರಿಂದು ಸಾಬ್ರೇ. ಕಲಾಯಿ ಆಕ್ಕೊಡಿ. ಇಲ್ದಿದ್ರೆ ನಾಳೆ ಕಾರು ಮಾರ್ಬುಡ್ತಾರೆ."

"ಏಯ್, ನಮ್ ಚರಿಗೆ ಬೆಳಿಗ್ಗಿಂದ ಕಾಯ್ತಾ ಅವೆ," ಎಂದು ಒಬ್ಬಳು ಕೂಗಿದಳು.

"ನನ್ನ ಹೆಂಡ್ತಿ ನೋವು ತಿಂತಿದ್ದಾಗ ಆಸ್ಪತ್ರೆಗೆ ಸೇರಿಸಿದ್ದು ಇವರ ಕಾರು. ಚರಿಗೆ ಕಾಯ್ಲಿ," ಅಂದರು ಸಾಬರು. "ತಿದಿ ಒತ್ತಮ್ಮಾ. ಮೆಲ್ಲಗೆ. ತೆಳು ತಗಡು, ಜಾಸ್ತಿ ಕಾದ್ರೆ ಸೊಟ್ಟಗಾಯ್ತದೆ."

ಒತ್ತಿದೆ. ಕೆಂಡ ಕಣ್ಣು ಬಿಟ್ಟಿತು. ಸಾಬರು ನವಸಾಗರ ಚಿಮುಕಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಲ್ಲಿ ಒಂದು ಸುತ್ತು ತಿರುವಿದರು. ಹಳದಿಯ ಮೇಲೆ ಬಿಳುಪು ಓಡಿತು! ಹೋ ಎಂದು ಕುಣಿದೆ. ಚರಿಗೆಯವಳೂ ಬಗ್ಗಿ ನೋಡಿದಳು.

ಅಪ್ಪ ದೀಪ ಕೂಡಿಸಿ, ಕಾರನ್ನು ಹೊಗೆಸೊಪ್ಪು ಪೇರಿಸುವ ಶೆಡ್ಡಿಗೆ ನುಗ್ಗಿಸಿದ. ಕಿಟಕಿಯಿಲ್ಲದ ಶೆಡ್ಡು, ಹಗಲಲ್ಲೇ ಕತ್ತಲು, ಒಳಗೆಲ್ಲ ಸೊಪ್ಪಿನ ಘಾಟು. ದೀಪದ ಎತ್ತರವನ್ನು ದಾರದಲ್ಲಿ ಅಳೆದು ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದ. ಸ್ವಿಚ್ ಹಾಕಿದ. ಎರಡೂ ಹತ್ತಿದವು! ಬಲಗಡೆಯದು ಗೆರೆಯ ಮೇಲೆ ಕೂತಿತ್ತು. ಎಡಗಡೆಯದು, ನನ್ನದು, ತೊಲೆ ನೋಡುತ್ತಿತ್ತು. ಅಪ್ಪ ತಿರುಪು ತಿರುಗಿಸಿದ, ನಾನು ಗೋಡೆ ಹತ್ತಿರ ನಿಂತು ಕೂಗಿದೆ. "ಇನ್ನೂ ಕೆಳೀಕೆ! ಸಾಕು! ಜಾಸ್ತಿಯಾಯ್ತು, ಮ್ಯಾಕೆ!" ಗೆರೆಗೆ ಬಂದು ಕೂತಾಗ ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಉರೀತಾದಲ್ಲಾ," ಅಂದಳು. ಅಷ್ಟೇ.

ಮಾರನೆಯ ದಿನ ಅರಕಲಗೂಡಿನಲ್ಲಿ ಇನ್ಸ್‌ಪೆಕ್ಟರು ಫೈಲನ್ನು ದೀಪಕ್ಕೆ ಅಡ್ಡ ಹಿಡಿದು ನೋಡಿದರು.

"ಏನಯ್ಯಾ, ಎಡಗಡೇದು ಹಾಲಿಗೆ ನೀರು ಹಾಕಿದ ಹಾಗಿದೆ?"

ಅಪ್ಪ ಪಂಚೆಯ ತುದಿಯಿಂದ ಗಾಜು ಒರೆಸತೊಡಗಿದ. ನಾನು ಮುಂದಿನ ಸೀಟಿನಿಂದ ಇಳಿದೆ. "ನಾನು ಹುಣ್ಸೆಹಣ್ಣಾಕಿ ಉಜ್ಬುಟ್ಟೆ ಸಾ. ಅದ್ಕೇ ಕಲಾಯಿ ಆಕ್ಸಿದೀವಿ. ಗೆರೆ ಮ್ಯಾಲೆ ಸರ್ಯಾಗಿ ಬೀಳ್ತದೆ, ನಾನೇ ನೋಡಿವ್ನಿ."

ಅವರು ನನ್ನನ್ನು ನೋಡಿದರು, ದೀಪ ನೋಡಿದರು. ಮತ್ತೆ ಗಾಜಿನೊಳಗೆ ಬಗ್ಗಿ ನೋಡಿದರು. "ಕಲಾಯಿ!" ಅಂದರು. ಜೋರಾಗಿ ನಕ್ಕರು. "ಈಗ ಬಿಡ್ತೀನಿ. ಒಂದು ತಿಂಗಳೊಳಗೆ ಹೊಸದು ಹಾಕ್ಸಯ್ಯಾ. ಈ ಹುಡುಗಿ ಕೈಗೆ ಮಾತ್ರ ಕೊಡಬೇಡ."

ದೋಸೆ ಎರಡು ತಿಂದೆ. ವಾಪಸು ಬರುವಾಗ ಊರು ಸಿಗುವವರೆಗೂ ಅಪ್ಪನ ಜೊತೆ ನಾನೂ ಹಾರನ್ ಒತ್ತಿದೆ.

ತಿಂಗಳೊಳಗೆ ಹಾಸನದಿಂದ ಹೊಸ ಬಟ್ಟಲು ಬಂತು. ಕಲಾಯಿಯದನ್ನು ಅಜ್ಜಿ ಸೀಮೆಎಣ್ಣೆ ಸುರಿಯುವ ಲಾಳಿಕೆ ಮಾಡಿಕೊಂಡಳು. ತಳದಲ್ಲಿ ತೂತು ಇತ್ತಲ್ಲ. ಎತ್ತು ಬರಲಿಲ್ಲ. ಇನ್ನೂ ಹನ್ನೆರಡು ವರ್ಷ ಕಾರೇ ಓಡಿತು. ನನ್ನ ಮದುವೆಗೆ ಚನ್ನರಾಯಪಟ್ಟಣಕ್ಕೆ ಕರೆದೊಯ್ದದ್ದೂ ಅದೇ.

ಹೋದ ವಾರ ಮೊಮ್ಮಗಳ ಕಾರಿನ ಹೆಡ್‌ಲೈಟು ಮಂಜು ಕವಿದ ಹಾಗಾಗಿತ್ತು. ಮೆಕ್ಯಾನಿಕ್ಕು ಬಂದ. "ಬಿಚ್ಚಿ ತೋರ್ಸಪ್ಪಾ," ಅಂದೆ. "ಇದು ಬಿಚ್ಚಲ್ಲ ಅಜ್ಜಿ, ಇಡೀ ಸೆಟ್ಟೇ ಬದಲಾಯಿಸ್ಬೇಕು," ಎಂದು ಹಳೆಯದನ್ನು ಕಿತ್ತು ಮೂಲೆಗೆ ಎಸೆದ. ಎತ್ತಿ ನೋಡಿದೆ. ಎಲ್ಲ ಕಡೆ ಮುಚ್ಚಿದ ಪ್ಲಾಸ್ಟಿಕ್ಕು, ಒಂದು ಬೆರಳು ಹೋಗುವಷ್ಟೂ ಜಾಗವಿಲ್ಲ. ಕೆಡಿಸೋಣ ಅಂದರೂ ಆಗದು.

ಒಳಗೆ ಹೋಗಿ ಅಜ್ಜಿಯ ಲಾಳಿಕೆ ತಂದು ಅವನ ಕೈಗಿಟ್ಟೆ. "ಇದೇನಜ್ಜಿ?" ಅಂದ.

"ಎಡ್‌ಲೈಟು ಕಣಪ್ಪಾ."

ನಗುತ್ತಾ ಬಿಸಿಲಿಗೆ ಹಿಡಿದು ನೋಡಿದ. ಕಲಾಯಿ ಪೂರ್ತಿ ಸವೆದು ಹಿತ್ತಾಳೆ ಮತ್ತೆ ಹಳದಿಯಾಗಿದೆ. ಹಾಕಿಸೋಣವೆಂದು ಕೊಣನೂರಿನ ಸಂತೆಯಲ್ಲಿ ಎರಡು ಸಲ ವಿಚಾರಿಸಿದೆ. ಕಲಾಯಿ ಅಂದರೆ ಏನು ಎಂದು ನನ್ನನ್ನೇ ಕೇಳಿದರು.