ಲೋಟದ ಸದ್ದು ಕೇಳಿಸುವಷ್ಟು ದೂರ

ಏಳುನೂರ ಐವತ್ತು ರೂಪಾಯಿ. ಒಂದು ಜಪಾನಿ ಚಿತ್ರಕಥೆ ಪುಸ್ತಕಕ್ಕೆ ಅಂಗಡಿಯವನು ಹೇಳಿದ ಬೆಲೆಯನ್ನೇ ಎಣಿಸಿ ಕೊಟ್ಟು ಬಂದೆ. ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಜರಿ ಅಂಗಡಿ ನಡೆಸುತ್ತಿರುವವನು ನಾನು. ತೆಂಗಿನಕಾಯಿಯಿಂದ ಹಿಡಿದು ಸೈಟಿನವರೆಗೆ ಏನನ್ನೂ ಹೇಳಿದ ರೇಟಿಗೆ ಕೊಂಡವನಲ್ಲ. ಅವತ್ತು ಮಾತ್ರ ಚೌಕಾಸಿಗೆ ಬಾಯಿ ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಎದುರು ಮನೆಯ ಟೈಲರ್ ಆಪಾ ಬಗ್ಗೆ ಹೇಳಬೇಕು.

ಎಡಗಿವಿಯ ಮೇಲೆ ನೀಲಿ ಸೀಮೆಸುಣ್ಣ, ಬಲಗಿವಿ ಯಾವಾಗಲೂ ದುಪಟ್ಟಾದಿಂದ ಹೊರಗೆ. ಆಪಾ ಎಂದರೆ ನನಗೆ ಮೊದಲು ನೆನಪಾಗುವುದು ಆ ಬಲಗಿವಿ. ಒಳಗಿನ ಕೋಣೆಯಲ್ಲಿ ಅವರ ಅಮ್ಮಿ ಲಕ್ವ ಹೊಡೆದು ಮಲಗಿ ಹತ್ತು ವರ್ಷ ಮೀರಿತ್ತು. ಮಾತು ನಿಂತಿತ್ತು, ಎಡಗೈ ಮಾತ್ರ ಆಡುತ್ತಿತ್ತು. ಏನಾದರೂ ಬೇಕಾದರೆ ಚಮಚದಿಂದ ಸ್ಟೀಲ್ ಲೋಟಕ್ಕೆ ಬಡಿಯುವರು. ಆ ಸದ್ದು ಕೇಳಿಸುವಷ್ಟು ದೂರವೇ ಆಪಾಗೆ ಊರು. ಬೀದಿ ದಾಟಿ ನನ್ನ ಅಂಗಡಿಯ ತಕ್ಕಡಿಯವರೆಗೆ ಕೇಳಿಸುತ್ತಿತ್ತು, ಅದರಾಚೆ ಇಲ್ಲ. ಹಾಗಾಗಿ ಆಪಾ ತಕ್ಕಡಿಯವರೆಗೆ ಬರುವರು, ಅದರಾಚೆ ಇಲ್ಲ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಹೆಣ್ಣುಮಕ್ಕಳು ಶಿಫ್ಟ್ ಮುಗಿಸಿ ಬ್ಲೌಸ್ ತಗೊಂಡು ಹೋಗಲು ಬಂದಾಗ ಆಚೆಯ ಸುದ್ದಿಯೆಲ್ಲ ಅವರ ಬಾಗಿಲಿಗೇ ಬರುತ್ತಿತ್ತು. ನನಗಿಂತ ಎಂಟು ವರ್ಷ ಚಿಕ್ಕವರಾದರೂ ಬೀದಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ನನಗೂ ಆಪಾ.

ದೇವನಹಳ್ಳಿ ಕಡೆಯ ಒಂದು ಅಪಾರ್ಟ್‌ಮೆಂಟಿನಿಂದ ಬಂದ ರದ್ದಿಯಲ್ಲಿ ಆ ಪುಸ್ತಕಗಳಿದ್ದವು. ಹದಿನೇಳು. ಒಳಗೆಲ್ಲ ದೊಡ್ಡ ಕಣ್ಣಿನ ಬೊಂಬೆಗಳು, ಇಂಗ್ಲಿಷ್ ಮಾತು. ಬಿಡಿಸಿ ನೋಡಿದರೆ ಮೊದಲ ಪುಟದಲ್ಲಿ ಕಥೆ ಮುಗಿದಿದೆ, ಕೊನೆಯ ಪುಟದಲ್ಲಿ ಶುರುವಾಗಿದೆ. ಪ್ರೆಸ್ಸಿನವರು ಉಲ್ಟಾ ಬೈಂಡ್ ಮಾಡಿದ ಮಾಲು ಎಂದುಕೊಂಡು, ಮಾರುವವರಿಗೂ ಹಾಗೇ ಹೇಳಿ, ರದ್ದಿ ತೂಕಕ್ಕೆ ಹಾಕಿಸಿಕೊಂಡೆ. ಬಹಳ ಜಾಣತನ ಮಾಡಿದೆ ಎಂಬ ಖುಷಿಯಲ್ಲಿದ್ದೆ. ಆಪಾ ಒಂದನ್ನು ಕೈಗೆತ್ತಿಕೊಂಡು ಬಲಗಡೆಯಿಂದ ಬಿಡಿಸಿ ಓದತೊಡಗಿದರು.

"ಉಲ್ಟಾ ಅಲ್ಲ ಅಣ್ಣಾ ಇದು. ನಮ್ಮ ಉರ್ದು ಕಿತಾಬಿನ ಥರ, ಈ ಕಡೆಯಿಂದ. ನೀವೇ ಉಲ್ಟಾ ಹಿಡ್ಕೊಂಡಿದ್ದೀರ."

"ಹಾಗಾದ್ರೆ ರೇಟ್ ಜಾಸ್ತಿ ಮಾಡ್ಬೇಕಾಯ್ತು."

"ಮಾಡಿ, ಮಾಡಿ. ನಾನು ಕೊಳ್ಳೋಳಲ್ಲ, ಇಲ್ಲೇ ನಿಂತು ಓದ್ಬಿಡ್ತೀನಿ."

ಪಿಯುಸಿ ಓದಿದ್ದ ಇಂಗ್ಲಿಷನ್ನು ತುಕ್ಕು ಬಿಡಿಸಿ, ಅರ್ಥವಾಗದ ಕಡೆ ನನ್ನ ಮಗಳನ್ನು ಕೇಳಿ, ತಕ್ಕಡಿ ಪಕ್ಕ ನಿಂತೇ ಓದಿದರು. ಕಥೆಯನ್ನು ನನಗೂ ಹೇಳುವರು. ಒಂದು ಬ್ರೆಡ್ ಅಂಗಡಿಯ ಹುಡುಗಿ, ಒಬ್ಬ ಪೋಸ್ಟ್‌ಮ್ಯಾನ್. ಇಬ್ಬರಿಗೂ ಇಷ್ಟ, ಇಬ್ಬರೂ ಬಾಯಿ ಬಿಡುವುದಿಲ್ಲ. ಇನ್ನೇನು ಹೇಳಬೇಕು ಅನ್ನುವಷ್ಟರಲ್ಲಿ ಅಂಗಡಿ ಬಾಗಿಲಿನ ಗಂಟೆ ಹೊಡೆದು ಗಿರಾಕಿ ಬಂದುಬಿಡುತ್ತದೆ. ಪುಸ್ತಕದುದ್ದಕ್ಕೂ ಇದೇ ತಮಾಷೆ. ಆಪಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುವರು. ಅಷ್ಟರಲ್ಲಿ ಟಿಣ್ ಟಿಣ್ ಎಂದು ಲೋಟ. "ನೋಡಿ, ನನಗೂ ಗಿರಾಕಿ ಬಂತು" ಎಂದು ಪುಸ್ತಕ ಮಗುಚಿಟ್ಟು ಓಡುವರು.

ಇದೇ ಕಥೆಯ ಕಾರ್ಟೂನ್ ಇದೆ ಎಂದು ಮಗಳು ಫೋನಿನಲ್ಲಿ ತೋರಿಸಿದಳು. ಪುಸ್ತಕದಲ್ಲಿ ಗಂಟೆಗೆ ಸದ್ದಿರಲಿಲ್ಲ, ಇಲ್ಲಿ ಇತ್ತು. ಅದು ಹೊಡೆದಾಗಲೆಲ್ಲ ಆಪಾ ದಡಕ್ಕನೆ ತಿರುಗಿ ಮನೆಗೆ ಓಡಿ, ಅಮ್ಮಿ ಮಲಗಿರುವುದನ್ನು ನೋಡಿ ವಾಪಸು ಬರುವರು. ಮೂರು ಸಲ ನಕ್ಕೆವು. ನಾಲ್ಕನೇ ಸಲ ಮಗಳು ಸುಮ್ಮನೆ ಸೌಂಡ್ ತೆಗೆದಳು. ಹನ್ನೆರಡು ಕಂತಿಗೆ, ಎಂಟನೇ ಪುಸ್ತಕದ ಹತ್ತಿರವೇ, ಕಾರ್ಟೂನ್ ನಿಂತುಹೋಯಿತು. ಮುಂದಿನದು ಮಾಡೇ ಇಲ್ಲವಂತೆ. ಆಪಾಗೆ ಸಿಟ್ಟು ಬಂತು.

"ಅಳತೆ ತಗೊಂಡು, ಬಟ್ಟೆ ಕತ್ತರಿಸಿ, ಹೊಲೀದೆ ಬಿಟ್ಟಂಗಾಯ್ತು. ನನ್ನ ಗಿರಾಕಿ ಆಗಿದ್ರೆ ಬೈತಿದ್ರು."

ಲೈನಿಂಗ್ ಬಟ್ಟೆ, ಜಿಪ್ಪು, ಹುಕ್ಕುಗಳನ್ನು ಹೊಸಕೋಟೆಯಿಂದ ಬೈಕಿನಲ್ಲಿ ತಂದುಕೊಡುವವರು ಒಬ್ಬರಿದ್ದರು. ಹೆಂಡತಿ ತೀರಿಹೋಗಿದ್ದ, ತಗ್ಗಿದ ದನಿಯ ಮನುಷ್ಯ. ಗುರುವಾರ ಗುರುವಾರ ಬರುವರು. ಐದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯತೊಡಗಿದಾಗಲೇ ನನಗೆ ಗೊತ್ತಾಯಿತು. ಒಂದು ದಿನ ನನ್ನ ಅಂಗಡಿಗೆ ಬಂದು ಕೂತರು.

"ಭಾಯ್, ನಾನು ಹೇಳೋಕೆ ಹೋದಾಗಲೆಲ್ಲ ಆ ಲೋಟ ಹೊಡ್ಕೊಳ್ಳುತ್ತೆ. ನೀವು ಹೇಳಿ. ನಿಕಾಹ್ ಮಾಡ್ಕೋಬೇಕು ಅಂತಿದ್ದೀನಿ. ಅಮ್ಮಿನೂ ನಮ್ಮನೇಲೇ ಇರ್ಲಿ, ನಾನೂ ನೋಡ್ಕೋತೀನಿ."

ಹೇಳಿದೆ. ಆಪಾ ಸೀಮೆಸುಣ್ಣವನ್ನು ಕಿವಿಯಿಂದ ತೆಗೆದರು, ಮತ್ತೆ ಇಟ್ಟುಕೊಂಡರು. ಮುಖವೆಲ್ಲ ಹೂಂ ಎನ್ನುತ್ತಿತ್ತು.

"ಏನಂತ ಹೇಳ್ಲಿ ಅಣ್ಣಾ?"

ಅಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಯಾರಾದರೂ ಏನು ಮಾಡಲಿ ಎಂದು ಕೇಳಿದರೆ ನನಗೆ ಹಬ್ಬ. "ತಕ್ಷಣ ಒಪ್ಕೋಬೇಡಿ ಆಪಾ. ಮೊದಲು ಬಾಯಿ ಬಿಟ್ಟೋರಿಗೇ ಲಾಸು. ಸುಮ್ನಿರಿ, ಅವರೇ ಮೇಲೆ ಬರ್ತಾರೆ. ಹೊಸಕೋಟೇಲಿ ನಿಮಗೆ ಅಂತ ಒಂದು ಅಂಗಡಿ ಹಾಕ್ಕೊಡ್ತೀನಿ ಅಂತಾರೆ ನೋಡಿ. ಆಮೇಲೆ ಹೂಂ ಅನ್ನಿ."

ನಾಲ್ಕು ಗುರುವಾರ ಆಪಾ ಸುಮ್ಮನಿದ್ದರು. ಐದನೆಯ ಗುರುವಾರ ಅವರು ಬಂದಾಗ ಆಪಾ ನನ್ನ ತಕ್ಕಡಿ ಪಕ್ಕ, ಹದಿನಾರನೇ ಪುಸ್ತಕ ಹಿಡಿದು ನಿಂತಿದ್ದರು. ಆತ ಬೈಕ್ ಇಳಿಯಲಿಲ್ಲ.

"ಮುಂದಿನ ವಾರದಿಂದ ಈ ಕಡೆ ನನ್ನ ತಮ್ಮ ಬರ್ತಾನೆ. ಏನಾದ್ರೂ ತಪ್ಪಾಗಿದ್ರೆ ಮಾಫ್ ಮಾಡಿ."

ಆಪಾ ಬಾಯಿ ತೆರೆದರು. ಲೋಟ ಬಡಿಯಿತು. ಆಪಾ ನನ್ನ ಮುಖ ನೋಡಿದರು. ಗಿರಾಕಿ ಮುನಿಸಿಕೊಂಡು ಎದ್ದು ಹೋಗುವುದು ನಮ್ಮ ವ್ಯಾಪಾರದಲ್ಲಿ ಹಳೆಯ ಆಟ. ಮೂಲೆಯವರೆಗೆ ಹೋಗುತ್ತಾನೆ, ತಿರುಗಿ ಬರುತ್ತಾನೆ, ಕರೆದವನು ಸೋತ. ನಾನು ಕಣ್ಣಲ್ಲೇ, ಹೋಗಲಿ ಬಿಡಿ ಎಂದೆ. ಆಪಾ ಒಳಗೆ ಓಡಿದರು. ಬೈಕು ಮೂಲೆಯವರೆಗೆ ಹೋಯಿತು. ನಾನು ಆ ಮೂಲೆಯನ್ನೇ ನೋಡುತ್ತ ನಿಂತೆ. ತಿರುಗಲಿಲ್ಲ. ಆಪಾ ಹೊರಗೆ ಬಂದು ಅವರೂ ಮೂಲೆ ನೋಡಿದರು. ಕೂಗಿ ಕರೆಯೋಣವೆಂದರೆ ಕೂಗು ಕೇಳಿಸುವ ದೂರದಲ್ಲಿ ಯಾರೂ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ, ಹದಿನೇಳನೆಯದನ್ನು ಮುಗಿಸಿದ ದಿನ ಆಪಾ, "ಕೊನೇದೊಂದು ಇರುತ್ತಂತೆ. ಸಿಗಲ್ವಾ ಅಣ್ಣಾ?" ಎಂದರು. ಬೆಂಗಳೂರಿಗೆ ಬಸ್ ಹತ್ತಿ ತಂದೆ. ಅದೇ ಏಳುನೂರ ಐವತ್ತರ ಪುಸ್ತಕ.

ತಕ್ಕಡಿ ಪಕ್ಕ ನಿಂತು, ಬಲಗಡೆಯಿಂದ ಓದಿದರು. ಕೊನೆಯ ಪುಟಗಳಲ್ಲಿ ಮತ್ತೆ ಬಾಗಿಲಿನ ಗಂಟೆ ಹೊಡೆಯುತ್ತದೆ, ಗಿರಾಕಿ ಬಂದು ನಿಲ್ಲುತ್ತಾನೆ. ಹುಡುಗಿ ಅವನ ಕಡೆ ತಿರುಗುವುದೇ ಇಲ್ಲ. ಗಂಟೆ ಹೊಡೆಯುತ್ತಿರುವಾಗಲೇ ಪೋಸ್ಟ್‌ಮ್ಯಾನ್‌ಗೆ ಹೇಳಿಬಿಡುತ್ತಾಳೆ.

"ಅಷ್ಟೇ ಅಣ್ಣಾ" ಎಂದರು ಆಪಾ. "ಹದಿನೆಂಟು ಪುಸ್ತಕ ಬೇಕಾಯ್ತು ಅವಳಿಗೆ."

"ಹೊಸಕೋಟೆಗೆ ನಾನು ಹೋಗಿ ಮಾತಾಡ್ಲಾ?"

"ಹೋದ ತಿಂಗಳು ಅವರ ನಿಕಾಹ್ ಆಯ್ತಂತೆ. ತಮ್ಮ ಹೇಳ್ದ." ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. "ನೀವು ಹೇಳಿದ್ದು ಗುಜರಿಗೆ ಸರಿನೇ, ಬಿಡಿ."

ಹೋದ ವರ್ಷ ಅಮ್ಮಿ ತೀರಿಕೊಂಡರು. ನಲವತ್ತು ದಿನ ಕಳೆದ ಮೇಲೆ ನಾನೇ ಹೊರಡಿಸಿದೆ. "ಇನ್ಯಾರು ಕರೀತಾರೆ ಆಪಾ? ಬಸ್ ಸ್ಟ್ಯಾಂಡ್ ತನಕ ಒಂದು ಸುತ್ತು ಹೋಗ್ಬನ್ನಿ." ಚಪ್ಪಲಿ ಮೆಟ್ಟಿ ಬೀದಿ ದಾಟಿದರು. ತಕ್ಕಡಿ ಪಕ್ಕ ಬಂದು ನಿಂತರು. ಬಲಗಿವಿ ಮನೆಯ ಕಡೆ ತಿರುಗಿತ್ತು.

"ಇಲ್ಲಿಂದಾಚೆ ಕಾಲು ಬರಲ್ಲ ಅಣ್ಣಾ."

ಈಗಲೂ ಅಲ್ಲಿಯವರೆಗೇ ಬರುತ್ತಾರೆ. ನಾನೊಂದು ಸ್ಟೂಲು ಹಾಕಿಸಿದ್ದೇನೆ. ಅವರ ಸಾಲದಲ್ಲಿ ನನ್ನಿಂದ ತೀರಿಸಲಾದದ್ದು ಅಷ್ಟು.

ಓದುವವರಿಗೆ ನನ್ನ ಅನುಭವದ ಮಾತು. ರದ್ದಿ ಮಾರುವಾಗ ಮೊದಲು ರೇಟ್ ಹೇಳಬೇಡಿ. ಗಿರಾಕಿ ಎದ್ದು ಹೋದರೆ ಮೂಲೆ ದಾಟುವವರೆಗೂ ಕರೆಯಬೇಡಿ. ಕಬ್ಬಿಣಕ್ಕೆ, ಹಳೇ ಫ್ರಿಜ್ಜಿಗೆ, ಸೈಟಿಗೆ ಇದೇ ಸರಿ. ಮನುಷ್ಯರು ಬಂದು ಕೇಳಿದಾಗ ಮಾತ್ರ ಅವತ್ತೇ, ಆ ನಿಂತ ಜಾಗದಲ್ಲೇ ಉತ್ತರ ಕೊಡಿ. ನಡುವೆ ಒಳಗಿನಿಂದ ಲೋಟ ಬಡಿದರೆ ಬಡಿಯಲಿ, ಹೂಂ ಅಂದು ಆಮೇಲೆ ಒಳಗೆ ಹೋಗಿ. ಮತ್ತೆ, ಇಂಥ ವಿಷಯದಲ್ಲಿ ವ್ಯಾಪಾರಸ್ಥನನ್ನು ಸಲಹೆ ಕೇಳಲೇಬೇಡಿ.