ಖಾನಾಪುರದಲ್ಲಿ ಇಳಿದ ನನ್ನ ಕಿವಿಯ ಜಂಬ

ಮೂರು ವರ್ಷದ ಹಿಂದಿನ ಮಾತು. ಗಣಪತಿ ವಿಸರ್ಜನೆ ಮುಗಿದ ವಾರ. ನಮ್ಮ ಬೆಳಗಾವಿಯಲ್ಲಿ ಆ ಮೆರವಣಿಗೆ ಮರುದಿನ ಮಧ್ಯಾಹ್ನವಾದರೂ ಮುಗಿಯುವುದಿಲ್ಲ; ಡಾಲ್ಬಿ ಎಂಬ ದೊಡ್ಡ ಸ್ಪೀಕರುಗಳ ಸದ್ದಿಗೆ ಊರಿನವರ ಕಿವಿಯೆಲ್ಲ ಎರಡು ದಿನ ಗುಂಯ್‌ಗುಡುತ್ತಿರುತ್ತದೆ. ನನಗದು ಒಳ್ಳೆಯ ನೆಪವಾಗಿತ್ತು. ಯಾರಾದರೂ ಕರೆದಾಗ ತಿರುಗಿ ನೋಡದಿದ್ದರೆ, ಡಾಲ್ಬಿಗೆ ಕಿವಿ ಕಟ್ಟಿವೆ ಎಂದುಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಕಿವಿ ಮಂದವಾಗಿ ಆಗಲೇ ಎರಡು ವರ್ಷವಾಗಿತ್ತು.

ಬೇರೆ ಕೆಲಸದವನಾಗಿದ್ದರೆ ಅದನ್ನು ಮುಚ್ಚಿಡುವ ಅಗತ್ಯ ಬರುತ್ತಿರಲಿಲ್ಲ. ನಾನು ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯ ತಪಾಸಣೆ ವಿಭಾಗದವನು. ಎರಕದ ತುಂಡನ್ನು ಸಣ್ಣ ಸುತ್ತಿಗೆಯಿಂದ ಬಡಿದು ಸದ್ದು ಕೇಳುವುದೇ ನನ್ನ ಕೆಲಸ. ಗಟ್ಟಿ ತುಂಡು ಗುಡಿಯ ಗಂಟೆಯ ಹಾಗೆ ಠಣ್ ಎಂದು ಸ್ವಲ್ಪ ಹೊತ್ತು ಮೊಳಗುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಠಪ್ ಎಂದು ಅಲ್ಲೇ ನಿಂತುಬಿಡುತ್ತದೆ. ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ಹಿಡಿಯುತ್ತೇನೆಂದು ನನಗೆ ವಿಪರೀತ ಜಂಬವಿತ್ತು. ಇಡೀ ಶೆಡ್ಡಿನಲ್ಲಿ ನನ್ನ ಮಾತಿಗೆ ಎದುರು ಮಾತಿರಲಿಲ್ಲ.

ಅದಕ್ಕೂ ಎಂಟು ವರ್ಷ ಮೊದಲು ಅಶ್ವಿನಿ ನಮ್ಮಲ್ಲಿಗೆ ಬಂದಿದ್ದಳು. ಖಾನಾಪುರದ ಹುಡುಗಿ. ಇಂಜಿನಿಯರಿಂಗ್ ಮುಗಿಸಿದ ವರ್ಷವೇ ಟ್ರೇನಿಯಾಗಿ ಸೇರಿದವಳು. ನಮ್ಮ ಶೆಡ್ಡಿನೊಳಗೆ ಕೆಲಸಕ್ಕೆ ನಿಂತ ಮೊದಲ ಹೆಣ್ಣುಮಗಳು ಅವಳೇ. ವಾರ ನಿಲ್ಲುತ್ತಾಳೋ ಇಲ್ಲವೋ ಎಂದು ನಾವು ಗಂಡಸರು ಚಹಾದ ಪಂದ್ಯ ಕಟ್ಟಿದ್ದೆವು; ನಿಲ್ಲುವುದಿಲ್ಲ ಎಂದವನು ನಾನು. ಮೊದಲ ದಿನವೇ ನಾನು ಎರಡು ತುಂಡು ಬಡಿದು ತೋರಿಸಿ, ಯಾವುದು ಕೆಟ್ಟದ್ದು ಹೇಳು ಎಂದೆ. ಸುತ್ತ ಎಂಟ್ಹತ್ತು ಜನ ನಿಂತಿದ್ದರು. ಹೊಸದಾಗಿ ಬಂದವರು ಅಂಥ ಹೊತ್ತಿನಲ್ಲಿ ಎಲ್ಲ ತಿಳಿದವರಂತೆ ಯಾವುದೋ ಒಂದನ್ನು ತೋರಿಸಿ ಪಾರಾಗುತ್ತಾರೆ. ಇವಳು ಹಾಗೆ ಮಾಡಲಿಲ್ಲ.

"ನನಗ ಕೇಳಸಲಿಲ್ರಿ ಕಾಕಾ. ಇನ್ನೊಮ್ಮೆ ಬಡೀರಿ" ಎಂದಳು.

ಎಲ್ಲರೂ ನಕ್ಕರು. ಕಿವುಡು ಇಂಜಿನಿಯರ್ ಬಂದಿದ್ದಾಳೆಂದು ನಾನೇ ವಾರಗಟ್ಟಲೆ ಆಡಿಕೊಂಡೆ. ಅವಳು ದಿನಾ ಊಟದ ಬಿಡುವಿನಲ್ಲಿ ಬಂದು ಇನ್ನೊಮ್ಮೆ ಬಡೀರಿ, ಇನ್ನೊಮ್ಮೆ ಬಡೀರಿ ಎನ್ನುತ್ತಾ ಒಂದೂವರೆ ತಿಂಗಳಲ್ಲಿ ವಿದ್ಯೆ ಕಲಿತೇಬಿಟ್ಟಳು. ಪಂದ್ಯದ ಚಹಾ ನಾನೇ ಕುಡಿಸಬೇಕಾಯಿತು.

ಅವಳ ಜೊತೆ ಸೇರಿದವರೆಲ್ಲ ಪುಣೆ ಕಡೆ ಹೋದರು. ಇವಳು ಇಲ್ಲೇ ನಿಂತು, ಅಚ್ಚು ಮಾಡುವಲ್ಲಿಂದ ಹಿಡಿದು ಲಾರಿಗೆ ತುಂಬುವವರೆಗೆ ಎಲ್ಲ ಕೆಲಸವನ್ನೂ ಕೈಯಾರೆ ಮಾಡಿ, ಏಳನೇ ವರ್ಷ ನಮ್ಮ ವಿಭಾಗಕ್ಕೇ ಟೀಮ್ ಲೀಡರ್ ಆದಳು. ನಾನು ಕಲಿಸಿದವಳು ನನ್ನ ಮೇಲಿನವಳಾದಳು. ಮೊದಮೊದಲು ಮೂಗು ಮುರಿದೆ, ಸುಳ್ಳೇಕೆ ಹೇಳಲಿ. ಬೆಳಗಿನ ಸಭೆಯಲ್ಲಿ ಮುಂಚೆಲ್ಲ ಮ್ಯಾನೇಜರರು ಹಿಂದಿ-ಇಂಗ್ಲಿಷ್ ಬೆರೆಸಿ ಏನೋ ಹೇಳುತ್ತಿದ್ದರು, ನಾವು ತಲೆಯಾಡಿಸುತ್ತಿದ್ದೆವು. ಇವಳು ಎಲ್ಲರನ್ನೂ ದುಂಡಗೆ ನಿಲ್ಲಿಸಿ, ಹೇಳಿದ್ದನ್ನೆಲ್ಲ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳುವ ಪದ್ಧತಿ ಹಾಕಿದಳು. ಎಲ್ಲರಿಗಿಂತ ಹೊಸಬರು ಮೊದಲು ಮಾತಾಡಬೇಕು. ಖಾನಾಪುರ ಕಡೆಯ ಹೆಣ್ಣುಮಕ್ಕಳ ಬಸ್ಸು ದಿನಾ ತಡವಾಗಿ ಬಂದು ಅವರಿಗೆ ಗೈರುಹಾಜರಿ ಬೀಳುತ್ತಿತ್ತು. ಮೇಲಿನವರ ಜೊತೆ ಗುದ್ದಾಡಿ ಪಾಳಿಯನ್ನೇ ಕಾಲು ಗಂಟೆ ಮುಂದಕ್ಕೆ ಹಾಕಿಸಿದಳು. ಬಸ್ಸಿನ ಸಲುವಾಗಿ ಫೌಂಡ್ರಿಯೇ ತಡವಾಗಿ ಶುರುವಾಗಬೇಕೇ ಎಂದು ನಾನು ಗೊಣಗಿದ್ದೆ.

ಆ ಬಸ್ಸಿನಲ್ಲಿ ಬರುವವಳೇ ಸುಶೀಲಾ. ಮೂವತ್ತೈದರ ಆಸುಪಾಸಿನ ಮರಾಠಿ ಹೆಣ್ಣುಮಗಳು. ಗುತ್ತಿಗೆ ಮೇಲೆ ಸೇರಿ ಆರು ತಿಂಗಳಾಗಿತ್ತು. ನನ್ನ ಮೇಜಿನ ಎದುರು ನಿಂತು ಅವಳೂ ತುಂಡು ಬಡಿಯುತ್ತಿದ್ದಳು.

ಗಣಪತಿ ಮುಗಿದ ಆ ವಾರದ ಶುಕ್ರವಾರ ಗಿರಾಕಿಯಿಂದ ಒಂದು ತುಂಡು ವಾಪಸ್ ಬಂತು. ಟ್ರ್ಯಾಕ್ಟರಿನ ಬ್ರೇಕಿಗೆ ಹೋಗುವ ತುಂಡು, ಒಳಗೆ ಬಿರುಕು. ಜೋಡಿಸುವ ಮುಂಚೆಯೇ ಅವರು ಹಿಡಿದಿದ್ದರು, ಪುಣ್ಯ. ಯಾರು ಪಾಸು ಮಾಡಿದ್ದೆಂಬ ಗುರುತು ಅಳಿಸಿಹೋಗಿತ್ತು. ಆ ಮೇಜಿನಲ್ಲಿದ್ದವರು ಇಬ್ಬರೇ, ನಾನು ಮತ್ತು ಸುಶೀಲಾ. ಯಾರೂ ನನ್ನ ಕಡೆ ನೋಡಲೂ ಇಲ್ಲ. ಸೋಮವಾರದಿಂದ ಆ ಹೆಂಗಸನ್ನು ಬಿಡಿಸಿರಿ ಎಂದು ಮ್ಯಾನೇಜರರು ಹೇಳಿದರು. ಮೊದಲು ಏನಾಗಿದೆ ನೋಡುತ್ತೇನೆ, ಸೋಮವಾರದ ತನಕ ತಡೆಯಿರಿ ಎಂದು ಅಶ್ವಿನಿ ಕೇಳಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಎರಡು ವರ್ಷದಿಂದ ಠಣ್ಣೂ ಠಪ್ಪೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಬೆರಳಿಗೆ ಸಿಗುವ ಅದುರಿನ ಮೇಲೆ ಅಂದಾಜು ಮಾಡುತ್ತಿದ್ದೆ. ಆ ತುಂಡು ನನ್ನದೇ ಎಂದು ಒಳಗೊಳಗೇ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಶನಿವಾರ ಸುಶೀಲಾ ಬರಲೇ ಇಲ್ಲ. ಯಾರೋ ಅವಳ ಕಿವಿಗೆ ಸುದ್ದಿ ಹಾಕಿದ್ದರು. ಭಾನುವಾರ ಅವಳ ಊರಿಗೆ ಹೋಗಿ ಕರೆದುಕೊಂಡು ಬರೋಣ, ಕೆಲಸ ಕಲಿಸಿದವರು ನೀವು, ನೀವು ಕರೆದರೆ ಬರುತ್ತಾಳೆ ಎಂದು ಅಶ್ವಿನಿ ನನಗೆ ಗಂಟುಬಿದ್ದಳು. ಬರುವುದಿಲ್ಲ ಎನ್ನಲು ಕಾರಣ ಸಿಗದೆ ಅವಳ ಕಾರು ಹತ್ತಿದೆ.

ಸುಶೀಲಾಳ ಊರು ಖಾನಾಪುರ ದಾಟಿ ಸ್ವಲ್ಪ ದೂರ. ಅವಳ ಗಂಡನ ಮನೆಯವರು ಕುಂಬಾರರೆಂದು ನನಗೆ ಅಲ್ಲಿಗೆ ಹೋದಮೇಲೇ ಗೊತ್ತಾಗಿದ್ದು. ಅಂಗಳದ ತುಂಬ ಸುಟ್ಟ ಮಡಿಕೆಗಳು. ಸುಶೀಲಾ ಚಹಾ ಕೊಟ್ಟಳು, ಕೂತು ಮಾತಾಡಿದಳು, ಆದರೆ ಬರುವುದಿಲ್ಲ ಎಂದಳು. ಪ್ರತಿ ತುಂಡನ್ನೂ ಎರಡು ಸಲ ಬಡಿದು ನೋಡಿದ್ದೇನೆ, ಆದರೆ ಕಾಕಾ ಒಂದು ಕಡೆ, ನಾನು ಒಂದು ಕಡೆ ಇದ್ದರೆ ನನ್ನ ಮಾತು ಯಾರು ನಂಬುತ್ತಾರೆ ಎಂದು ಮರಾಠಿಯಲ್ಲಿ ಕೇಳಿದಳು. ನಾನು ಬಸಿಯಲ್ಲಿದ್ದ ಚಹಾ ನೋಡುತ್ತಾ ಕೂತೆ.

ಹೊರಡುವಾಗ ಅವಳ ಅತ್ತೆ, ಬಂದವರು ಬರಿಗೈಲಿ ಹೋಗಬಾರದು, ನೀರಿಗೆ ಒಂದು ಮಡಿಕೆ ಆರಿಸಿಕೊಳ್ಳಿ ಎಂದು ನನಗೆ ಹೇಳಿದಳು. ಮಡಿಕೆ ಆರಿಸುವುದೆಂದರೂ ಬೆರಳಗಂಟಿನಿಂದ ಬಡಿದು ಕೇಳುವುದೇ ತಾನೇ. ನನ್ನ ಹಳೆಯ ಜಂಬ ತಲೆ ಎತ್ತಿತು. ಕುಕ್ಕರುಗಾಲಲ್ಲಿ ಕೂತು, ಐದಾರು ಮಡಿಕೆ ಬಡಿದು, ದೊಡ್ಡ ಪರಿಣತನ ಹಾಗೆ ತಲೆ ವಾಲಿಸಿ, ಒಂದನ್ನು ಎತ್ತಿ ಇದು ಭಾರೀ ಚಲೋ ಐತಿ ಎಂದೆ.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ತಮಾಷೆ ಮಾಡುತ್ತಿದ್ದೇನೆಂದು ಅಂದುಕೊಂಡಿರಬೇಕು. ಸುಶೀಲಾ ನಗಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಅಶ್ವಿನಿ ಮಡಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಮ್ಮೆ ಬಡಿದಳು. ಅವಳಿಗೆ ಕೇಳಿಸಿದ್ದು ಒಡಕಿನ ಠಪ್ ಸದ್ದೆಂದು ನಾನು ಅವಳ ಮುಖದಲ್ಲಿ ಓದಿದೆ. ಅದನ್ನು ಪಕ್ಕಕ್ಕಿಟ್ಟು, ಬೇರೊಂದನ್ನು ಆರಿಸಿ ನನ್ನ ಕೈಗೆ ಕೊಟ್ಟಳು.

ಬರುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಅಶ್ವಿನಿ ಕಾರು ಬಂದ್ ಮಾಡಿದಳು. ನಾನು ತೊಡೆಯ ಮೇಲೆ ಮಡಿಕೆ ಇಟ್ಟುಕೊಂಡು ಕೂತಿದ್ದೆ.

"ಎಷ್ಟ ದಿನಾ ಆತ್ರಿ ಕಾಕಾ?" ಎಂದಳು.

"ಎರಡ ವರ್ಷ ಆತವ್ವಾ" ಎಂದೆ.

ಅವಳು ಮುಖ ತಿರುಗಿಸಿ ಗೇಟಿನ ಕಡೆ ನೋಡಿದಳು. ಸಿಟ್ಟು ಬಂದಿತ್ತು, ಅದು ಕಾಣುತ್ತಿತ್ತು. ಬರಬೇಕಾದದ್ದೇ. ಆ ತುಂಡು ಯಾರದೋ ಟ್ರ್ಯಾಕ್ಟರಿಗೆ ಸೇರಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ರೈಲು ಹೋದಮೇಲೆ ನನ್ನ ಕಡೆ ತಿರುಗಿ, ನನಗೆ ಕೇಳಿಸುವ ಹಾಗೆ ನಿಧಾನವಾಗಿ ಹೇಳಿದಳು. "ನಾಳಿ ಸಭಾದಾಗ ನೀವ ಹೇಳ್ರಿ. ನಾ ಹೇಳಿದ್ರ ನಿಮ್ಮ ಮ್ಯಾಲೆ ದೂರು ಹೇಳಿದಂಗ ಆಕ್ಕೈತಿ. ನೀವ ಹೇಳಿದ್ರ ಆಕಿ ಕೆಲಸಾ ಉಳಿತೈತಿ, ನಿಮ್ಮ ಮರ್ಯಾದಿನೂ ಉಳಿತೈತಿ." ಆಮೇಲೆ ಅಲ್ಲೇ ಕೂತು ಸುಶೀಲಾಳಿಗೆ ಫೋನ್ ಮಾಡಿ, ನಾಳೆ ಒಂದು ದಿನ ನನ್ನ ಮಾತಿನ ಮೇಲೆ ಬಾ ಎಂದಳು.

ಸೋಮವಾರ ಸುಶೀಲಾ ಬಂದಿದ್ದಳು. ಮ್ಯಾನೇಜರರೂ ಇದ್ದರು. ನಾನು ಕನ್ನಡದಲ್ಲಿ ಹೇಗೋ ಹೇಳಿ ಮುಗಿಸಿದೆ. ಕಿವಿ ಕೇಳುವುದಿಲ್ಲ, ಎರಡು ವರ್ಷ ಮುಚ್ಚಿಟ್ಟೆ, ಆ ತುಂಡು ನನ್ನದೇ ಇರಬೇಕು ಎಂದೆ. ಮುಗಿಯಿತೆಂದು ಹಿಂದೆ ಸರಿದರೆ ಅಶ್ವಿನಿ ಕಾಯುತ್ತಾ ನಿಂತಿದ್ದಳು. ಅವಳ ಸಭೆಯ ಪದ್ಧತಿ ಗೊತ್ತಲ್ಲ. ಮರಾಠಿಯಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಅದನ್ನು ಸುಶೀಲಾಳ ಮುಖ ನೋಡಿಯೇ ಹೇಳಬೇಕಿತ್ತು. ಹೇಳಿದೆ. ಕ್ಷಮೆಯನ್ನೂ ಕೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ನನ್ನ ಜೊತೆ ಮೊದಲಿನಂತೆ ಮಾತಾಡಲು ಅವಳಿಗೆ ಎರಡು ತಿಂಗಳು ಬೇಕಾಯಿತು.

ಮ್ಯಾನೇಜರರು ನನ್ನನ್ನು ಮನೆಗೆ ಕಳಿಸುವ ಮಾತೆತ್ತಿದರು. ತಪ್ಪಿಗೆ ಆದ ನಷ್ಟ, ಗಿರಾಕಿಗೆ ಕೊಡಬೇಕಾದ ಉತ್ತರ, ಎಲ್ಲದಕ್ಕೂ ಹೂಂ ಎಂದ ಅಶ್ವಿನಿ ಕೊನೆಗೆ ಒಂದೇ ಮಾತು ಕೇಳಿದಳು. "ಇವರ ಕಿವಿ ಎಲ್ಲಿ ಹೋದೂವ್ರಿ ಸರ್? ಇದ ಶೆಡ್ಡಿನ ಗದ್ದಲದಾಗ ಹೋದೂವು."

ಮ್ಯಾನೇಜರರು ಮನೆಗೆ ಕಳಿಸುವ ಮಾತು ಕೈಬಿಟ್ಟರು. ಗೋದಾಮಿನಲ್ಲಿದ್ದ ಮಾಲನ್ನೆಲ್ಲ ಅಶ್ವಿನಿ ಮೂರು ದಿನ ನಿಂತು ಮತ್ತೆ ಬಡಿಸಿ ನೋಡಿದಳು. ಬಡಿದವಳು ಸುಶೀಲಾ, ತುಂಡುಗಳನ್ನು ಹೊತ್ತು ತಂದವನು ನಾನು. ಗಿರಾಕಿಗೂ ಅಶ್ವಿನಿಯೇ ಪತ್ರ ಬರೆದು, ಕಳಿಸಿದ ಮಾಲನ್ನು ಪರೀಕ್ಷಿಸಲು ತಾನೇ ಹೋಗಿ ನಿಂತಳು. ಆ ತಿಂಗಳಲ್ಲೇ ಶೆಡ್ಡಿನವರೆಲ್ಲರ ಕಿವಿ ತಪಾಸಣೆ ಮಾಡಿಸಿದಳು. ನನ್ನಂತೆ ಬಾಯಿ ಮುಚ್ಚಿಕೊಂಡಿದ್ದವರು ಇನ್ನೂ ಮೂವರು ಸಿಕ್ಕರು. ಈಗ ಎಲ್ಲರ ಕಿವಿಗೂ ಸದ್ದು ತಡೆಯುವ ಬಿರಡೆ ಇದೆ. ನನಗೆ ಶ್ರವಣಯಂತ್ರ ಬಂದಿದೆ, ಅಳತೆ ನೋಡುವ ಕೆಲಸ ಸಿಕ್ಕಿದೆ. ಬಡಿದು ಕೇಳುವ ಮೇಜು ಸುಶೀಲಾಳದು.

ಮುಂದಿನ ವರ್ಷ ನನ್ನ ನಿವೃತ್ತಿ. ಆ ಮಡಿಕೆ ನಮ್ಮ ಅಡುಗೆಮನೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಹೊಸ ಟ್ರೇನಿಗಳು ಬಂದರೆ ಅಶ್ವಿನಿ ಅವರನ್ನು ಮೊದಲ ದಿನ ನನ್ನ ಹತ್ತಿರವೇ ಕಳಿಸುತ್ತಾಳೆ. ನಾನು ಅವರಿಗೆ ಸುತ್ತಿಗೆ ಹಿಡಿಯುವುದನ್ನು ಆಮೇಲೆ ಹೇಳಿಕೊಡುತ್ತೇನೆ. ಮೊದಲು ಎಲ್ಲರ ಎದುರು ಒಂದು ಮಾತು ಹೇಳಿಸುತ್ತೇನೆ, ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ ಬಡಿಯಿರಿ ಎಂದು. ಇಪ್ಪತ್ತೆರಡರ ಹುಡುಗಿಯೊಬ್ಬಳು ಬಂದ ದಿನವೇ ಹೇಳಿದ ಆ ಮಾತನ್ನು ಕಲಿಯಲು ನನಗೆ ಐವತ್ತೈದು ವರ್ಷ ತಗಲಿತು.