ಅಕ್ಕೋರ ಮನೆಯ ಹಳೆ ಬಾಗಿಲು

ನಿನ್ನೆ ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ. ಕಿಟಕಿಯಿಂದ ಅಗಸಿ ಎಣ್ಣೆಯ ವಾಸನೆ ಬಂತು. ಎದುರು ಮನೆಯ ಕಾಕಾ ಹಳೆ ಅರಿವೆಗೆ ಎಣ್ಣೆ ಅದ್ದಿಕೊಂಡು ತಮ್ಮ ತಲೆಬಾಗಿಲನ್ನು ತಿಕ್ಕುತ್ತಿದ್ದರು. ದೀಪಾವಳಿ ಬಂತಲ್ಲ, ಅದಕ್ಕೆ. ಮೊದಲು ಆ ಕೆಲಸ ಅವರ ಹೆಂಡತಿಯದಾಗಿತ್ತು. ಎಣ್ಣೆ ಆರುವ ತನಕ ಬಾಗಿಲು ಹಾಕಬಾರದೆಂದು ಆಕೆ ಇಡೀ ದಿನ ಅದನ್ನು ತೆರೆದಿಟ್ಟು, ಕಟ್ಟೆಯ ಮೇಲೆ ಚಹಾ ಹಿಡಿದು ಕೂತು, ಅಲ್ಲಿಂದಲೇ ನನ್ನನ್ನು ಕೂಗುತ್ತಿದ್ದರು. ಅದನ್ನೇ ನೆನೆಯುತ್ತ ನಿಂತೆ, ಸಾಸಿವೆ ಹೊತ್ತಿಹೋಯಿತು…

ಆಕೆಯನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ಸರಕಾರಿ ಸಾಲೆಯಲ್ಲಿ ಗಣಿತ ಕಲಿಸಿದವರು. ಹಳೆ ಬಾಗಲಕೋಟೆಯಲ್ಲಿ ಅವರ ಮನೆ ಹೊಳೆಯ ಕಡೆಯ ತಗ್ಗಿನ ಓಣಿಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುವ ಮೊದಲು ಮನೆ ಬಿಚ್ಚಿ, ಸಾಗವಾನಿ ಬಾಗಿಲನ್ನು ಚೌಕಟ್ಟಿನ ಸಮೇತ ಟ್ರ್ಯಾಕ್ಟರಿನಲ್ಲಿ ತಂದು ನವನಗರದ ಹೊಸ ಮನೆಗೆ ಕೂಡಿಸಿದ್ದರು. ಸಿಮೆಂಟಿನ ಮನೆಗೆ ಆ ಬಾಗಿಲು ಒಪ್ಪುತ್ತಿರಲಿಲ್ಲ, ಮೊಮ್ಮಗನ ತಲೆಗೆ ಅಜ್ಜನ ರುಮಾಲು ಸುತ್ತಿದ ಹಾಗೆ ಕಾಣುತ್ತಿತ್ತು.

ನಾನು ಹುನಗುಂದದಾಕೆ. ನಮ್ಮೂರು ಮುಳುಗಿಲ್ಲ. ಸಂಜೆ ಹೆಂಗಸರೆಲ್ಲ ಕೂತು ಹಳೆ ಊರನ್ನು ನೆನೆದು ಕಣ್ಣೊರೆಸಿಕೊಳ್ಳುವಾಗ ನನಗೆ ಹೇಳಲು ಏನೂ ಇರುತ್ತಿರಲಿಲ್ಲ. ಅಕ್ಕೋರಿಗೆ ಇತ್ತು, ಆದರೆ ಹೇಳುತ್ತಿರಲಿಲ್ಲ. “ಮುಳುಗಿದ್ದು ಓಣಿ, ನಾವಲ್ಲ. ಚಾ ಆರಾಕತ್ತೈತಿ, ಕುಡೀರಿ” ಎಂದು ಎಲ್ಲರನ್ನೂ ಬೈಯುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದು ಹಳೆ ಮನೆಗಳ ಪಾಯ ಕಂಡಾಗ ಮಂದಿ ಗಾಡಿ ಮಾಡಿಕೊಂಡು ನೋಡಲು ಹೋಗುತ್ತಿದ್ದರು. ಅಕ್ಕೋರು ಒಮ್ಮೆಯೂ ಹೋಗಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಹೆಚ್ಚು ಪ್ರೀತಿ.

ಅವರು ನಿವೃತ್ತಿಯಾಗಿ ಇನ್ನೂ ವರ್ಷವಾಗಿರಲಿಲ್ಲ. ಒಂದು ಬೆಳಿಗ್ಗೆ ನಾನು ರಂಗೋಲಿ ಹಾಕುವಾಗ ಅಕ್ಕೋರು ಬಾಗಿಲು ತೆಗೆದು ಹೊರಗೆ ನೋಡಿದರು. ಮುಚ್ಚಿದರು. ಮತ್ತೆ ತೆಗೆದು ನೋಡಿದರು.

“ಏನ್ ಹುಡಕಾಕತ್ತೀರಿ ಅಕ್ಕೋರ?” ಎಂದೆ.

“ಬಾಗಲಾ ನಮ್ಮದ ಐತಿ. ಓಣಿ ನಮ್ಮದಲ್ಲ” ಎಂದರು.

ಚೇಷ್ಟೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.

ಅಲ್ಲಿಂದ ಅದು ದಿನದ ಮಾತಾಯಿತು. ನಮ್ಮ ಮನಿಗೆ ಹೆಂಗ ಹೋಗೂದು ಎಂದು ಕೇಳುವುದು, ಚಹಾ ಕುಡಿದು ಮತ್ತೆ ಅದನ್ನೇ ಕೇಳುವುದು. ಯಾರ ಮನೆಯಲ್ಲಿ ತಂದು ಇಟ್ಟಿದ್ದೀರಿ ಎಂದು ಕಾಕಾನ ಮೇಲೆ ಸಿಟ್ಟು. ನಿದ್ದೆ ಹೋಯಿತು. ಕೆಲವೊಮ್ಮೆ ಬಾಗಿಲ ಮುಂದೆ ನಿಂತು, ದೃಷ್ಟಿ ನೆಟ್ಟು, ಬಾಯಿ ಚಪ್ಪರಿಸುತ್ತಿದ್ದರು. ಕರೆದರೂ ಓಗೊಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಏನೂ ಆಗದವರಂತೆ ಒಳಗೆ ಹೋಗುತ್ತಿದ್ದರು.

ನೆರೆಹೊರೆಯಲ್ಲಿ ಇದಕ್ಕೆ ಉತ್ತರ ಸಿದ್ಧವಿತ್ತು. “ಇಷ್ಟ ವರ್ಷ ಒಳಗ ಇಟ್ಕೊಂಡಿದ್ರು, ಈಗ ಹೊರಗ ಬಂತು ನೋಡ್ರಿ” ಎಂದರು ಹೆಂಗಸರು. ಅಳದೆ ಇದ್ದವಳೂ ಕೊನೆಗೆ ನಮ್ಮ ಸಾಲಿಗೆ ಬಂದಳಲ್ಲ ಎಂಬ ಸಣ್ಣ ಸಮಾಧಾನವೂ ಆ ಮಾತಿನಲ್ಲಿ ಇತ್ತೆನ್ನಿ. ಮೊದಲು ನೋಡಿದ ಡಾಕ್ಟರರೂ ಮನಸ್ಸಿಗೆ ಹಚ್ಚಿಕೊಂಡಿದ್ದಾರೆಂದು ಗುಳಿಗೆ ಬರೆದರು. ಬೇರೆ ಊರಾಗಿದ್ದರೆ ಅನುಮಾನ ಬೇಗ ಬರುತ್ತಿತ್ತೋ ಏನೋ. ನವನಗರದಲ್ಲಿ ಮುಳುಗಿದ ಮನೆಯನ್ನು ಹುಡುಕುವುದು ರೋಗವೆಂದು ಯಾರಿಗೂ ಅನಿಸಲಿಲ್ಲ. ಆಕೆ ಎಲ್ಲಾದರೂ ಹೊರಟುಬಿಟ್ಟಾಳೆಂದು ಕಾಕಾ ಕೈಗೆ ಎಟುಕದಷ್ಟು ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿದರು.

ಬೇಸಿಗೆ ಬಂತು, ನೀರು ಇಳಿಯಿತು. ಒಮ್ಮೆ ಕಣ್ಣಾರೆ ನೋಡಿ ಮನಸಾರೆ ಅತ್ತರೆ ಹಗುರಾದಾರೆಂದು ಎಲ್ಲರೂ ಹೇಳಿದರು. ಕಾಕಾ ಟಂಟಂ ಗಾಡಿ ಕರೆಸಿದರು, ಜೊತೆಗೆ ನಾನೂ ಹೋದೆ. ಅಕ್ಕೋರು ದಂಡೆಯಲ್ಲಿ ನಿಂತು ನೀರನ್ನೂ ಪಾಯದ ಕಲ್ಲುಗಳನ್ನೂ ನೋಡಿದರು. “ಭಾಳ ದೊಡ್ಡ ಕೆರಿ ಐತಿ. ಯಾವ ಊರಿಂದು?” ಎಂದರು. ಕಣ್ಣಲ್ಲಿ ಹನಿ ನೀರಿಲ್ಲ.

ವಾಪಸ್ ಬರುವಾಗ ಇನ್ನೂ ಅರ್ಧ ದಾರಿಯಲ್ಲಿದ್ದೆವು. “ಹಳೆ ಮನಿಗೆ ಕರಕೊಂಡ್ ಹೋಗ್ತೇನಿ ಅಂದಿದ್ರಲ್ಲ, ಯಾವಾಗ?” ಎಂದು ಅಕ್ಕೋರು ಕೇಳಿದರು.

ಕಾಕಾ ಗಾಡಿ ನಿಲ್ಲಿಸಲು ಹೇಳಿದರು. ನನ್ನ ಮುಖ ನೋಡಿ, “ಇದು ದುಃಖ ಅಲ್ಲ, ನೋಡವಾ. ಈಗ ನೋಡಿದ್ದು ಈಗ ಮರ್ತಾಳ” ಎಂದರು. ಆಮೇಲೆ ಡ್ರೈವರನಿಗೆ, “ಗಾಡಿ ದವಾಖಾನಿಗೆ ತಿರಗಸಪಾ.”

ಅಲ್ಲಿ ನರರೋಗದ ಡಾಕ್ಟರರು ಒಬ್ಬರು, ಇನ್ನೂ ಹುಡುಗಿಯಂತಿದ್ದವರು, ಎಲ್ಲ ಕೇಳಿಕೊಂಡರು. ಬಾಗಿಲ ಮುಂದೆ ಬಾಯಿ ಚಪ್ಪರಿಸುತ್ತ ನಿಲ್ಲುತ್ತಿದ್ದುದು ಒಂದು ಬಗೆಯ ಫಿಟ್ಸ್ ಅಂತೆ. ಹಳೆ ಮನೆಯ ಗುಂಗೆಂದು ನಾವು ತಿಳಿದಿದ್ದೆವು! ತಲೆಯ ಸ್ಕ್ಯಾನ್ ಆಯಿತು, ಬೆನ್ನಿನಿಂದ ನೀರು ತೆಗೆದು ನೋಡಿದ್ದಾಯಿತು. ಆಟೋಇಮ್ಯೂನ್ ಎನ್ಸೆಫಲೈಟಿಸ್ ಎಂದರು, ಮಿದುಳಿನ ಉರಿಯೂತ.

“ಮೈಯಾಗ ಎಲ್ಲೋ ಒಂದು ಗಡ್ಡಿ ಅಡಗಿರಬಹುದ್ರಿ. ಅದನ್ನ ಬಡಿಯಾಕ ಮೈಯಾಗ ಹುಟ್ಟಿದ ಶಕ್ತಿ ತಪ್ಪಿ ಮಿದುಳನ್ನೂ ಬಡಿಯಾಕತ್ತೈತಿ” ಎಂದು ಕಾಕಾಗೆ ತಿಳಿಸಿ ಹೇಳಿದರು. ಹುಡುಕಿದಾಗ ಎದೆಯಲ್ಲಿ ಸಿಕ್ಕಿತು. ಕೈಗೆ ತಗಲದಷ್ಟು ಸಣ್ಣದು, ಆದರೆ ಕ್ಯಾನ್ಸರ್. ನೆನಪು ಮರಳುತ್ತದೆಯೇ ಎಂದು ಕಾಕಾ ಕೇಳಿದರು. ಎಷ್ಟು ಮರಳುತ್ತದೋ ಈಗಲೇ ಹೇಳಲಾಗದು ಎಂದರು ಡಾಕ್ಟರ್.

ಸ್ಟೆರಾಯ್ಡ್, ಆಪರೇಷನ್, ಕೀಮೋ ಎಲ್ಲ ಆಯಿತು. ಅಕ್ಕೋರು ಮೆಲ್ಲಗೆ ನಮ್ಮ ಓಣಿಗೆ ಮರಳಿದರು. ನಡುವಿನ ತಿಂಗಳುಗಳು ಮಾತ್ರ ಹೋದವು, ಹೋಗೇ ಹೋದವು. ದಂಡೆಯ ಕಥೆ ಹೇಳಿದರೆ, “ನಾನಾ? ಆ ನೀರು ನೋಡಾಕ?” ಎಂದು ನಗುತ್ತಿದ್ದರು. ಹೊಸ ಮಾತು ನಿಲ್ಲುತ್ತಿತ್ತು, ಕೆಲವು ಜಾರುತ್ತಿದ್ದವು. ಕಾಕಾ ದಿನಕ್ಕೊಮ್ಮೆ ಏನಾದರೂ ಕೇಳಿ ಪರೀಕ್ಷೆ ಮಾಡುತ್ತಿದ್ದರು, ಆಕೆ ಸಿಟ್ಟಾಗುತ್ತಿದ್ದರು.

ಒಂದೆರಡು ವರ್ಷಕ್ಕೆ ಕ್ಯಾನ್ಸರ್ ಮತ್ತೆ ಬಂತು, ಈ ಸಲ ಎಲುಬಿಗೆ. ಮೈ ಸೊರಗಿತು, ತಲೆ ಮಾತ್ರ ನಿಚ್ಚಳವಾಗಿತ್ತು. ಆ ಬೇಸಿಗೆಯಲ್ಲಿ ಅವರೇ, “ಒಮ್ಮೆ ಕರಕೊಂಡ್ ಹೋಗ್ರಿ” ಎಂದರು. ನಾನು ಹೆಗಲು ಕೊಟ್ಟು ದಂಡೆಗೆ ಇಳಿಸಿದೆ. ಬಹಳ ಹೊತ್ತು ನೋಡಿದರು. “ಆ ಕರಿ ಕಲ್ಲು ಕಾಣ್ತೈತಲ್ಲ… ಅಲ್ಲೇ ನಮ್ಮ ಬಾಗಲಾ ಇತ್ತು” ಎಂದವರೇ ದೊಡ್ಡ ದನಿ ತೆಗೆದು ಅತ್ತರು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಕಾಕಾ ನನ್ನ ಕೈ ಹಿಡಿದುಕೊಂಡರು. “ಅಳಾಕತ್ತಾಳ ನೋಡವಾ! ಅಳಾಕತ್ತಾಳ!” ಎನ್ನುವಾಗ ಅವರ ಮುಖ ಮದುವೆ ಮನೆಯ ಯಜಮಾನನ ಮುಖದಂತೆ ಅರಳಿತ್ತು.

ಬರುವ ದಾರಿಯಲ್ಲಿ ಕಾಕಾ ಅಂಜುತ್ತ ಅಂಜುತ್ತ ಕೇಳಿದರು, “ಈಗ ಎಲ್ಲಿಗೆ ಹೋಗಿದ್ವಿ, ಹೇಳ?”

“ಯಾಕ, ಅಳಿಸಿದ್ದು ಸಾಕಾಗ್ಲಿಲ್ಲೇನು?” ಎಂದರು ಅಕ್ಕೋರು. ಟಂಟಂ ತುಂಬ ನಕ್ಕೆವು. ಮಳೆಗಾಲ ಹಿಡಿಯುವ ಮೊದಲೇ ಅವರು ಹೋದರು…

ನಿನ್ನೆ ಒಲೆ ಆರಿಸಿ ಎದುರು ಮನೆಗೆ ಹೋದೆ. ಕಾಕಾ ಸ್ಟೂಲು ಹತ್ತಿ ಮೇಲಿನ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು. “ಅದು ಇನ್ನ ಯಾಕ ಬೇಕ್ರಿ ಕಾಕಾ, ತೆಗಸ್ರಿ” ಎಂದೆ. “ತೆಗಸಬೇಕು…” ಎಂದರು, ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ. ನಾನು ಸ್ಟೂಲು ಹಿಡಿದುಕೊಂಡು ನಿಂತೆ.

ಎಣ್ಣೆ ಆರಲೆಂದು ಸಂಜೆಯವರೆಗೆ ಬಾಗಿಲು ತೆರೆದೇ ಇತ್ತು. ನಾನು ಚಹಾ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಕೂತೆ. ಬೈಯುವವರಿಲ್ಲದೆ ಅದು ಕೈಯಲ್ಲೇ ಆರಿತು.